ನೆಲ ಮೊದಲು, ಡಾಂಬರು ಆಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿಯುತ್ತ ಬಂತು. ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಚಪ್ಪಲಿಗೆ ಕಪ್ಪು ಎರೆ ಮಣ್ಣು ಮೆತ್ತಿ ಕಾಲು ಎತ್ತಿಡುವುದೇ ಕಷ್ಟ. ಕಾರಿನ ಗಾಲಿ ಸಿಕ್ಕಿಬಿದ್ದು, ಟ್ರ್ಯಾಕ್ಟರ್ ಹಚ್ಚಿ ಎಳೆಸಿದವರೂ ನಿಮ್ಮಲ್ಲಿ ಇದ್ದೀರಿ. ದೀಪಾವಳಿ ಆದಮೇಲೆ ಮನೆ ಮುಂದಿನ ದಾರಿಗೆ ಡಾಂಬರು ಹಾಕಿಸಿಬಿಡೋಣ ಅಂತ ಮನೆಯಲ್ಲಿ ಮಾತು ನಡೆದಿರುತ್ತದೆ, ಅಲ್ವಾ? ವಿಜಯಪುರದ ಹೊಸ ಬಡಾವಣೆಯವರು, ತಿಕೋಟಾ ಕಡೆ ತೋಟದಲ್ಲಿ ಮನೆ ಕಟ್ಟಿಸಿದವರು, ಡೋಣಿ ನದಿ ಸಾಲಿನ ಊರಿನವರು, ನಿಮ್ಮನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಇವತ್ತು ಮಾತಾಡುತ್ತೇನೆ.

ನಾನು ಹೇಳಲು ಬಂದದ್ದು ಒಂದೇ ಮಾತು. ನೆಲ ಮೊದಲು, ಡಾಂಬರು ಆಮೇಲೆ. ಉಳಿದದ್ದು ಮರೆತರೂ ಇದೊಂದು ನೆನಪಿಡಿ.

ಎರಡು ಇಂಚಿನ ಡಾಂಬರೊಂದೇ ಗಾಡಿಯ ಭಾರ ಹೊರುವುದಿಲ್ಲ. ಹೊರುವುದು ಅದರ ಕೆಳಗಿನ ಖಡಿ ಅಂದರೆ ಜಲ್ಲಿಕಲ್ಲು, ಖಡಿಯ ಕೆಳಗಿನ ಗರಸು ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ಗರಸಿನ ಕೆಳಗಿನ ನೆಲ. ಡಾಂಬರು ಹೊರಸಿನ ಮೇಲೆ ಹಾಸಿದ ಕೌದಿ ಇದ್ದ ಹಾಗೆ. ಹೊರಸಿನ ಕಾಲೇ ಮುರಿದಿದ್ದರೆ ಕೌದಿ ನಿಮ್ಮನ್ನು ಹಿಡಿದುಕೊಳ್ಳುತ್ತದೆಯೇ?

ನಮ್ಮದು ಎರೆ ಭೂಮಿ. ಬಿಳಿಜೋಳಕ್ಕೆ, ಕಡಲೆಗೆ ಇಂಥ ಭೂಮಿ ಸಿಗುವುದು ಪುಣ್ಯ. ಮಳೆ ನೀರು ಕುಡಿದು ಉಬ್ಬುತ್ತದೆ. ಆ ಹಸಿಯನ್ನು ಹಿಂಗಾರಿ ಬೆಳೆಗೆ ತಿಂಗಳುಗಟ್ಟಲೆ ಕಾಯ್ದಿಡುತ್ತದೆ. ಬೇಸಿಗೆಯಲ್ಲಿ ಒಣಗಿ, ಕುಗ್ಗಿ, ಬಾಯಿ ಬಿಡುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಅದರಲ್ಲಿ ಜಾಸ್ತಿ ಇರುವುದು ಇದಕ್ಕೆ ಕಾರಣ. ಹೆಸರು ಬಿಡಿ, ಗುಣ ನೋಡಿ. ಹೊಲದಲ್ಲಿ ನಮ್ಮನ್ನು ಸಾಕುವ ಗುಣವೇ ದಾರಿಯನ್ನು ಕೆಡಿಸುತ್ತದೆ. ವರ್ಷಕ್ಕೊಮ್ಮೆ ಏಳುವ, ವರ್ಷಕ್ಕೊಮ್ಮೆ ಕುಸಿಯುವ ನೆಲದ ಮೇಲೆ ಯಾವ ಡಾಂಬರೂ ನಿಲ್ಲುವುದಿಲ್ಲ.

ನಮ್ಮ ಮನೆತನದಲ್ಲೇ ನಡೆದದ್ದು ಹೇಳುತ್ತೇನೆ. ನಮ್ಮ ದೊಡ್ಡಪ್ಪನ ಮಗ ತೋಟದಲ್ಲಿ ಮನೆ ಕಟ್ಟಿಸಿದ. ಗೇಟಿನಿಂದ ಪಡಸಾಲೆಯವರೆಗೆ ನೂರು ಅಡಿ ದಾರಿ, ಹತ್ತು ಅಡಿ ಅಗಲ. ಮಗಳ ಮದುವೆ ಹತ್ತಿರ ಬಂದಿತ್ತು. ನಾಲ್ಕು ದಿನದಲ್ಲಿ ಮುಗಿಸಿಕೊಡುತ್ತೇನೆ ಅಂತ ಒಬ್ಬ ಗುತ್ತಿಗೆದಾರ ಬಂದ. ಹುಲ್ಲು ಕೆತ್ತಿಸಿದ, ಎರೆ ಮಣ್ಣಿನ ಮೇಲೇ ನಾಲ್ಕು ಬೆರಳು ಖಡಿ ಹರಡಿದ, ಮೇಲೆ ಡಾಂಬರು ಹಾಕಿ ಹೋದ. ಮದುವೆಗೆ ನಾನೂ ಹೋಗಿದ್ದೆ. ದಾರಿ ಕಾಡಿಗೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ನನಗೆ ಅನುಮಾನ ಬಂತು. ಶುಭ ಕಾರ್ಯದ ಮನೆಯಲ್ಲಿ ಏನು ಹೇಳುವುದು ಅಂತ ಸುಮ್ನೆ ಊಟ ಮಾಡಿ ಬಂದೆ.

ಯುಗಾದಿಗೆ ಮತ್ತೆ ಹೋದೆ. ದಾರಿಯ ಉದ್ದಕ್ಕೂ, ಅಂಚಿನಿಂದ ಎರಡು ಅಡಿ ಒಳಗೆ, ಒಂದು ಬಿರುಕು ಹಾವಿನ ಹಾಗೆ ಹರಿದಿತ್ತು. ಬಣವೆಯಿಂದ ಒಂದು ಜೋಳದ ದಂಟು ತಂದು ಅದರಲ್ಲಿ ಇಳಿಸಿದೆ. ದಂಟು ಡಾಂಬರು ದಾಟಿತು, ಖಡಿ ದಾಟಿತು, ಇಳಿಯುತ್ತಲೇ ಹೋಯಿತು. ಹೊರಗೆ ತೆಗೆದು ಅಳೆದರೆ ನನ್ನ ಬೆರಳ ತುದಿಯಿಂದ ಮೊಣಕೈವರೆಗೆ! ಆಮೇಲೆ ಮಳೆ ಬಂತು. ನಮ್ಮ ಕಡೆ ಸೆಪ್ಟೆಂಬರ್ ಮಳೆಯೇ ಜೋರು, ನಿಮಗೆ ಗೊತ್ತು. ಬಿರುಕಿನಲ್ಲಿ ನೀರು ಇಳಿಯಿತು, ಮಣ್ಣು ಉಬ್ಬಿತು, ಮೆತ್ತಗಾಯಿತು. ಗೊಬ್ಬರ ತುಂಬಿದ ಟ್ರ್ಯಾಕ್ಟರ್ ಒಂದೇ ಸಲ ಒಳಗೆ ಬಂದದ್ದು. ಖಡಕ್ ರೊಟ್ಟಿ ಮುರಿದ ಹಾಗೆ ಡಾಂಬರು ಹೋಳು ಹೋಳಾಯಿತು.

ಕಟ್ಟೆಯ ಮೇಲೆ ಕೂತಿದ್ದ ನಮ್ಮ ದೊಡ್ಡಮ್ಮ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಜೋಳ ತುಂಬೋ ಹಗೇವು ತೆಗೆಯೋಕೂ ನಾವು ಗಟ್ಟಿ ನೆಲ ಹುಡುಕತಿದ್ವಿ. ನೀವು ಲಕ್ಷ ಲಕ್ಷ ಸುರಿದು ನೆಲಾನೇ ನೋಡಲಿಲ್ಲ." ಮೂವತ್ತು ವರ್ಷ ರಸ್ತೆ ಕೆಲಸ ಮಾಡಿದ ನಾನು ಹೇಳಬೇಕಾದ ಮಾತನ್ನು ಆಕೆ ಹೇಳಿದಳು.

ಎರಡನೇ ಸಲ ನಾನೇ ನಿಂತು ಮಾಡಿಸಿದೆ. ಒಂದೂವರೆ ಅಡಿ ಅಗೆದು ಎರೆ ಮಣ್ಣನ್ನು ಪೂರ್ತಿ ತೆಗೆಸಿದೆವು. ಆ ಮಣ್ಣು ಹೊಲಕ್ಕೆ ಹೋಯಿತು, ಅದರ ಜಾಗ ಅದೇ. ಗುಂಡಿಗೆ ಹತ್ತು ಇಂಚು ಗರಸು. ಒಂದೇ ಸಲ ಸುರಿಯಲಿಲ್ಲ. ಐದು ಇಂಚು ಹರಡಿ, ನೀರು ಹೊಡೆದು, ರೋಲರ್ ಓಡಿಸಿ, ಆಮೇಲೆ ಇನ್ನೈದು ಇಂಚು. ರೋಲರ್ ಹುಡುಗನಿಗೆ ಅವಸರ. ಒಟ್ಟಿಗೇ ಹಾಕಿ ಉರುಳಿಸುತ್ತೇನೆ ಅಂದ. ಬೇಡ ಅಂದೆ. ದಪ್ಪಗೆ ಹಾಕಿದರೆ ಮೇಲೆ ಮಾತ್ರ ಗಟ್ಟಿಯಾಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ಗರಸಿನ ಮೇಲೆ ಎಂಟು ಇಂಚು ಖಡಿ, ಅದೂ ಎರಡು ಪದರದಲ್ಲಿ, ಸಂದಿಗೆ ಖಡಿಪುಡಿ ತುಂಬಿ. ಆಮೇಲೆ ಅದೇ ಟ್ರ್ಯಾಕ್ಟರಿಗೆ ಪೂರ್ತಿ ಲೋಡ್ ತುಂಬಿಸಿ ಮೇಲೆ ಓಡಿಸಿದೆ. ನಾನು ಕುಕ್ಕರಗಾಲಲ್ಲಿ ಕೂತು ಗಾಲಿಯ ಕೆಳಗೇ ನೋಡುತ್ತಿದ್ದೆ. ಒಂದು ಕಡೆ ಖಡಿ ಸ್ವಲ್ಪ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಆ ಜಾಗ ಅಗೆಸಿದೆ. ಒಂದು ಬುಟ್ಟಿ ಎರೆ ಮಣ್ಣು ಉಳಿದುಬಿಟ್ಟಿತ್ತು. ಅದನ್ನು ತೆಗೆಸಿ, ಮತ್ತೆ ತುಂಬಿಸಿ, ಆಮೇಲೆ ಡಾಂಬರು. ಏಳು ಮಳೆಗಾಲ ಕಳೆದಿವೆ. ಹೋದ ತಿಂಗಳು ಮತ್ತೆ ದಂಟು ಹಿಡಿದು ಹೋಗಿದ್ದೆ, ಇಳಿಸಲು ಒಂದು ಬಿರುಕೂ ಸಿಗಲಿಲ್ಲ.

ಗೋಳಗುಮ್ಮಟ ನೋಡಿ. 1656ರ ಹೊತ್ತಿಗೆ ಎದ್ದ ಕಟ್ಟಡ, ಅಷ್ಟು ದೊಡ್ಡ ಗುಮ್ಮಟ ಹೊತ್ತು ಇವತ್ತಿಗೂ ನಿಂತಿದೆ. ಅದರ ಅಡಿಪಾಯ ಕೆಳಗಿನ ಬಂಡೆಗೆ ಮುಟ್ಟಿದೆ, ಅದಕ್ಕೇ ಒಂದು ಮಗ್ಗುಲಿಗೆ ಕುಸಿದಿಲ್ಲ. ನಾವು ಗುಮ್ಮಟ ಕಟ್ಟುವುದು ಬೇಡ, ಒಂದೂವರೆ ಅಡಿ ಅಗೆದರೆ ಸಾಕು.

ನನ್ನ ಹತ್ತಿರ ಬರುವವರೆಲ್ಲ ಮೊದಲು ಕೇಳುವುದು, ಡಾಂಬರು ಎಷ್ಟು ಇಂಚು, ಚದರ ಅಡಿಗೆ ರೇಟ್ ಎಷ್ಟು ಅಂತ. ಎಷ್ಟು ಅಗೆಯಬೇಕು ಅಂತ ಒಬ್ಬರೂ ಕೇಳುವುದಿಲ್ಲ. ನನಗೆ ಬೇಜಾರಾಗುವುದು ಇದಕ್ಕೇ. ದಯವಿಟ್ಟು ಗುತ್ತಿಗೆದಾರನಿಗೆ ಮೊದಲು ಆ ಪ್ರಶ್ನೆ ಕೇಳಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅಗೆಯುವುದೇ ಬೇಡ ಅಂದವನಿಗೆ ಚಹಾ ಕುಡಿಸಿ ಕಳಿಸಿಬಿಡಿ.

ನಿಮ್ಮದು ಎರೆಯೋ ಅಲ್ಲವೋ ಅಂತ ಅನುಮಾನವಿದ್ದರೆ, ಗೇಟಿನ ಹತ್ತಿರ ಎರಡು ಅಡಿ ಗುಂಡಿ ತೆಗೆದು, ಒಂದು ಹಿಡಿ ಮಣ್ಣನ್ನು ನೀರಲ್ಲಿ ಕಲಸಿ ಉಂಡೆ ಮಾಡಿ ಬಿಸಿಲಲ್ಲಿ ಇಡಿ. ಎರಡು ದಿನಕ್ಕೆ ಒಣಗಿ ಸೀಳು ಬಿಟ್ಟರೆ ಅಗೆಯಲೇಬೇಕು. ಬೆಳಗಾವಿ, ಖಾನಾಪುರ ಕಡೆ ಕೆಂಪು ಜಂಬಿಟ್ಟಿಗೆ ನೆಲ ಇರುವವರಿಗೆ ಇಷ್ಟು ಅಗೆತ ಬೇಕಿಲ್ಲ. ಆದರೆ ನಿಮ್ಮಲ್ಲಿ ಮಳೆ ಜಾಸ್ತಿ, ಪಕ್ಕದ ಗಟಾರ ಮೊದಲು ಮಾಡಿಸಿ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ದಾರಿಯ ನಡು ಅಂಚಿಗಿಂತ ಒಂದೂವರೆ ಇಂಚು ಎತ್ತರ ಇರಲಿ. ಹತ್ತು ಅಡಿ ಅಗಲಕ್ಕೆ ಅಷ್ಟು ಇಳಿಜಾರು ಇದ್ದರೆ ನೀರು ಎರಡೂ ಕಡೆ ಹರಿಯುತ್ತದೆ. ಅಂಚಿನ ಆಚೆ ಎರಡು ಅಡಿ ಗರಸು ಹಾಕಿಸಿ. ಅಂಚಿಗೆ ತಾಗಿಸಿ ಹೂವಿನ ಗಿಡ ನೆಟ್ಟು ದಿನಾ ನೀರು ಬಿಡಬೇಡಿ, ಅದು ನೆಲಕ್ಕೇ ಇಳಿಯುತ್ತದೆ. ನಳದ ಪೈಪು, ಮೋರಿ ಪೈಪು, ಮೋಟಾರಿನ ವೈರು ಎಲ್ಲ ಮೊದಲೇ ಹಾಕಿಸಿ. ಗೇಟಿನ ಕೆಳಗೆ ಎಷ್ಟು ಸಂದಿ ಇದೆ ಅಂತ ಅಳೆದಿಡಿ, ದಾರಿ ಎತ್ತರವಾದ ಮೇಲೆ ಗೇಟು ತೆರೆಯುವುದಿಲ್ಲ ಅಂತ ಕೊಯ್ಯಿಸಿದವರನ್ನು ಕಂಡಿದ್ದೇನೆ.

ನೂರು ಅಡಿ ಉದ್ದ, ಹತ್ತು ಅಡಿ ಅಗಲ, ಎರಡು ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಹನ್ನೊಂದು ಟನ್ ಬಿಸಿ ಡಾಂಬರು ಮಿಶ್ರಣ ಬೇಕು. ನಲವತ್ತು ಅಡಿ ದಾರಿಗೆ ನಾಲ್ಕು ಟನ್ ಚಿಲ್ಲರೆ. ಅಷ್ಟಕ್ಕೆ ಒಂದು ಟಿಪ್ಪರ್ ತರಿಸುವುದು ದುಬಾರಿ, ಅಕ್ಕಪಕ್ಕದ ಎರಡು ಮನೆಯವರು ಸೇರಿ ತರಿಸಿ. ಪ್ಲಾಂಟಿನಿಂದ ಹೊರಡುವಾಗ ಅದು 150 ಡಿಗ್ರಿ ಆಸುಪಾಸು ಬಿಸಿ ಇರುತ್ತದೆ. 100 ಡಿಗ್ರಿಗೆ ಇಳಿಯುವ ಮೊದಲೇ ರೋಲರ್ ಕೆಲಸ ಮುಗಿಯಬೇಕು. ಹಾಗಾಗಿ ಟಿಪ್ಪರ್ ಬರುವ ಮೊದಲೇ ರೋಲರ್ ನಿಮ್ಮ ಗೇಟಿನಲ್ಲಿ ನಿಂತಿರಲಿ.

ಹಾಕಿದ ಮೇಲೆ ಮೂರು ದಿನ ಗಾಡಿ ಒಳಗೆ ಬಿಡಬೇಡಿ. ಬೇಸಿಗೆಯಲ್ಲಿ ಬೈಕಿನ ಸ್ಟ್ಯಾಂಡ್ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ. ಡೀಸೆಲ್ ಸೋರುವ ಟ್ರ್ಯಾಕ್ಟರನ್ನು ಅದರ ಮೇಲೆ ನಿಲ್ಲಿಸಬೇಡಿ, ಡೀಸೆಲ್ ಡಾಂಬರನ್ನು ಕರಗಿಸುತ್ತದೆ. ನಾಳೆ ಬೆಳಿಗ್ಗೆ ಗುದ್ದಲಿ ತಗೊಂಡು ಗೇಟಿನ ಹತ್ತಿರ ಆ ಎರಡು ಅಡಿ ಗುಂಡಿ ತೆಗೆದು ನೋಡಿ. ನಮಸ್ಕಾರ.