ಅಡಿಗೆ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಅಡಿಗೆ ಹೇಳಿಕೊಡಲು ಬಂದಿಲ್ಲ. ಪೆನ್ನು ಕಾಗದ ಹಿಡಿದು ಕೂತಿದ್ದರೆ ಪಕ್ಕಕ್ಕಿಡಿ. ಅಡಿಗೆಯನ್ನು ಬರೆದಿಟ್ಟವರ ಬಗ್ಗೆ, ಅದರಲ್ಲೂ ಅವರು ಬರೆಯದೆ ಬಿಟ್ಟದ್ದರ ಬಗ್ಗೆ ಒಂದಿಷ್ಟು ಮಾತಾಡೋಣ ಅಂತ ಬಂದಿದ್ದೇನೆ.

ಇಡ್ಲಿಯಿಂದ ಶುರು ಮಾಡೋಣ. ಹತ್ತಿರ ಹತ್ತಿರ ಸಾವಿರ ವರ್ಷದ ಹಿಂದೆ, 1025ರ ಹೊತ್ತಿಗೆ, ಎರಡನೆಯ ಚಾವುಂಡರಾಯ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಜನಕ್ಕೆ ಉಪಯೋಗ ಆಗುವ ಎಷ್ಟೋ ವಿಷಯ ಅದರಲ್ಲಿವೆ. ನೆಲದಡಿ ನೀರು ಎಲ್ಲಿದೆ ಅಂತ ಹುಡುಕುವುದು, ಗಿಡಗಳ ಆರೈಕೆ, ದನಕರುಗಳ ಔಷಧಿ, ಸುಗಂಧ ತಯಾರಿ, ಜೊತೆಗೆ ಅಡಿಗೆ. ಅಲ್ಲಿ ಇಡ್ಲಿ ಹೀಗಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಇಂಗು ಸೇರಿಸುವುದು. ನೂರು ವರ್ಷ ಕಳೆದ ಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅವನ ಇಡ್ಲಿಯೂ ಬರೀ ಉದ್ದಿನದೇ.

ಇವುಗಳನ್ನು ಮುಂದಿಟ್ಟುಕೊಂಡು ಕೆ. ಟಿ. ಅಚ್ಚಯ ಒಂದು ಪ್ರಶ್ನೆ ಎತ್ತಿದರು. ಅಚ್ಚಯ ನಮ್ಮ ಕೊಳ್ಳೇಗಾಲದಲ್ಲಿ ಹುಟ್ಟಿದವರು, ಆಹಾರ ವಿಜ್ಞಾನಿ, ಭಾರತದ ಊಟದ ಚರಿತ್ರೆ ಬರೆದವರು. ಅವರು ಹೇಳಿದ್ದು ಇಷ್ಟು. ಈ ಹಳೇ ಇಡ್ಲಿಯಲ್ಲಿ ಅಕ್ಕಿ ಇಲ್ಲ. ಹಿಟ್ಟು ಹುದುಗಲು ಬಿಡಬೇಕು ಅಂತ ಇಲ್ಲ. ಹಬೆಯಲ್ಲಿ ಬೇಯಿಸಬೇಕು ಅಂತಲೂ ಇಲ್ಲ. ಹಾಗಾದರೆ ಇದು ನಾವು ತಿನ್ನುವ ಇಡ್ಲಿ ಹೌದಾ? ಈ ಕ್ರಮಗಳು ಇಂಡೋನೇಷ್ಯಾ ಕಡೆಯಿಂದ ಬಂದಿರಬಹುದು ಅನ್ನುವುದು ಅವರ ಊಹೆ.

ಅಕ್ಕಿಯ ಮಾತನ್ನು ನಾನು ಒಪ್ಪುತ್ತೇನೆ. ಬೇಕಾದ ಸಾಮಾನನ್ನೇ ಯಾರೂ ಬರೆಯದೆ ಬಿಡುವುದಿಲ್ಲ. ಹುದುಗಿನ ವಿಷಯದಲ್ಲಿ ಮಾತ್ರ ನನಗೊಂದು ಅನುಮಾನ. ಮಜ್ಜಿಗೆಯಲ್ಲಿ ನೆನೆದ ಉದ್ದು, ಮೇಲೆ ಮೊಸರಿನ ತಿಳಿ. ನಮ್ಮ ಸೆಕೆಗೆ ಆ ಹಿಟ್ಟು ಒಂದು ರಾತ್ರಿ ಕೂತರೆ ಹುಳಿ ಬರದೆ ಇರುತ್ತಾ? ಸಂಜೆ ರುಬ್ಬಿ ಬೆಳಗ್ಗೆ ಬೇಯಿಸುವುದು ಎಲ್ಲರ ಮನೆಯ ರೂಢಿ ಆಗಿದ್ದರೆ, ಅದನ್ನು ಬರೆಯುವ ಗೋಜಿಗೆ ಯಾರು ಹೋಗುತ್ತಾರೆ? ಇದು ಒಲೆ ಮುಂದೆ ನಿಂತವರಿಗೆ ಬರುವ ಅನುಮಾನ. ಪಂಡಿತರು ಒಪ್ಪದೆ ಇರಬಹುದು. ಆದರೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಯಾಕೆಂದರೆ ನಮ್ಮ ಮನೆಗಳ ಅಡಿಗೆ ನೋಟ್‌ಬುಕ್ಕುಗಳೂ ಹೀಗೇ ಇರುತ್ತವೆ. ನಮ್ಮ ದೊಡ್ಡಮ್ಮ ಸಾಗರದ ಕಡೆಯವರು. ಅವರದೊಂದು ಹಳೇ ಡೈರಿ ಇದೆ. ಮುಂದಿನಿಂದ ಹಾಲಿನ ಲೆಕ್ಕ, ಹಿಂದಿನಿಂದ ಅಡಿಗೆ. ನಡುನಡುವೆ ವಾರಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚೂರುಗಳು. ಅದರಲ್ಲಿ ಮಿಡಿ ಉಪ್ಪಿನಕಾಯಿಗೆ ಒಂದು ಪುಟ. ಪುಟ ಅಂತ ಹೆಸರಿಗೆ, ಇರುವುದು ಮೂರು ಸಾಲು. "ಮಿಡಿ ನೂರು, ಉಪ್ಪು ಅಚ್ಚೇರು. ಸಾಸಿವೆ, ಒಣಮೆಣಸು, ಅರಿಶಿನ. ನೀರು ಬಿಟ್ಟ ಮೇಲೆ ಕುದಿಸಿ, ರುಬ್ಬಿ ಹಾಕುವುದು." ಮುಗೀತು. ಏನನ್ನು ಕುದಿಸುವುದು? ಮಿಡಿಯನ್ನೋ, ನೀರನ್ನೋ? ಎಷ್ಟು ದಿನಕ್ಕೆ ನೀರು ಬಿಡುತ್ತದೆ? ಗೊತ್ತಿಲ್ಲದವರು ಇದನ್ನು ಹಿಡಿದುಕೊಂಡು ಹೊರಟರೆ ದೇವರೇ ಗತಿ.

ಗೊತ್ತಿರುವವರು ಏನು ಮಾಡುತ್ತಾರೆ ನೋಡಿ. ಅಘನಾಶಿನಿ, ಶರಾವತಿ, ವರದಾ ನದಿಗಳ ಆಸುಪಾಸಿನಲ್ಲಿ ಬೆಳೆಯುವ ಅಪ್ಪೆಮಿಡಿ ಇದಕ್ಕೆ ಬೇಕು. ಒಂದೊಂದು ಮರದ್ದು ಒಂದೊಂದು ಪರಿಮಳ. ಜೀರಿಗೆಯ ಘಮದ್ದೂ ಇದೆ, ಕರ್ಪೂರದ ಘಮದ್ದೂ ಇದೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ನೆಲಕ್ಕೆ ಬೀಳಿಸಬಾರದು. ಬಿದ್ದದ್ದಕ್ಕೆ ಒಳಗೆ ಪೆಟ್ಟಾಗಿರುತ್ತದೆ, ಜಾಡಿಯಲ್ಲಿ ಅದೊಂದು ಕೊಳೆತರೆ ಪಕ್ಕದ್ದನ್ನೂ ಕೆಡಿಸುತ್ತದೆ. ತೊಟ್ಟನ್ನು ಪೂರ್ತಿ ಮುರಿಯಬಾರದು. ಮುರಿದರೆ ಸೊನೆ ಹರಿದುಹೋಗುತ್ತದೆ, ಪರಿಮಳ ಇರುವುದೇ ಸೊನೆಯಲ್ಲಿ. ತೊಳೆದು, ಒರೆಸಿ, ನೆರಳಲ್ಲಿ ಆರಿಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುತ್ತಾ ಬರಬೇಕು. ದಿನಕ್ಕೊಮ್ಮೆ ಜಾಡಿ ಕುಲುಕಬೇಕು. ವಾರ ಹತ್ತು ದಿನದಲ್ಲಿ ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುತ್ತದೆ. ಆಗ ಮಿಡಿ ಬೇರೆ ತೆಗೆದಿಟ್ಟು, ಆ ಉಪ್ಪುನೀರನ್ನು ಕುದಿಸಬೇಕು. ಕುದಿಸಿದ್ದು ಪೂರ್ತಿ ತಣ್ಣಗಾಗಬೇಕು. ಆ ನೀರಲ್ಲೇ ಸಾಸಿವೆ, ಒಣಮೆಣಸು, ಅರಿಶಿನ ರುಬ್ಬಿ ಮಿಡಿಗೆ ಕಲಸಬೇಕು. ಎಲ್ಲೂ ಒಂದು ಹನಿ ಹಸಿನೀರು ಸೋಕಬಾರದು.

ಇದರಲ್ಲಿ ಮುಕ್ಕಾಲು ಪಾಲು ಡೈರಿಯಲ್ಲಿ ಇಲ್ಲ. ಇದೆಲ್ಲ ಬರೆಯುವ ವಿಷಯ ಅಂತ ದೊಡ್ಡಮ್ಮನಿಗೆ ಅನ್ನಿಸಿರಲೇ ಇಲ್ಲ. ಬಾಲ್ಯದಿಂದ ಜಗುಲಿಯಲ್ಲಿ ಕೂತು ಮಿಡಿ ಒರೆಸಿದವರು ಅವರು. ಮರೆತುಹೋದೀತು ಅಂತ ಹೆದರಿದ್ದು ಉಪ್ಪಿನ ಲೆಕ್ಕಕ್ಕೆ ಮಾತ್ರ. ಅದನ್ನು ಬರೆದುಕೊಂಡರು.

ಆ ಲೆಕ್ಕವಾದರೂ ನೆಟ್ಟಗಿದೆಯಾ ಅಂದರೆ ಅದರಲ್ಲೂ ತಕರಾರು. ಅಚ್ಚೇರು ಅಂದರೆ ಅರ್ಧ ಸೇರು. ಯಾವ ಸೇರು? ತೂಕದ ಸೇರು 80 ತೊಲ, ಈಗಿನ ಲೆಕ್ಕಕ್ಕೆ ಸುಮಾರು 933 ಗ್ರಾಂ. ಅಳೆಯುವ ಸೇರು ಬೇರೆಯೇ, ಅದೂ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. 1956ರಲ್ಲಿ ತೂಕ ಅಳತೆಯ ಕಾಯಿದೆ ಬಂತು. ಆಮೇಲೆ ಹಂತ ಹಂತವಾಗಿ ಕಿಲೋ, ಲೀಟರು ಬಂದವು. ಅಂಗಡಿಯವರು ಬೇಗ ಕಲಿತರು. ಅಡಿಗೆಮನೆ ಮಾತ್ರ ಪಾವು ಚಟಾಕು ಬಿಡಲಿಲ್ಲ. ಈಗಲೂ ಎಷ್ಟೋ ಮನೆಗಳ ಅಕ್ಕಿ ಡಬ್ಬಿಯೊಳಗೆ ಪಾವು ಇದೆ, ಅಲ್ವಾ?

ಇನ್ನು ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು. ಇದನ್ನು ಕೇಳಿ ಈಗಿನ ಮಕ್ಕಳು ನಗುತ್ತಾರೆ. ಯಾವ ನಿಂಬೆಹಣ್ಣು, ಗಜನಿಂಬೆಯಾ ಅಂತ ಕೇಳುತ್ತಾರೆ. ನಾನು ಮಾತ್ರ ನಿಂಬೆಹಣ್ಣಿನ ಪರ. ಹುಣಸೆಯಲ್ಲಿ ನಾರು ಎಷ್ಟು, ಬೀಜ ಎಷ್ಟು, ಹೊಸದಾ ಹಳೇದಾ ಅಂತ ಹೇಳದೆ 25 ಗ್ರಾಂ ಅಂತ ಬರೆದರೆ ಏನು ಬಂತು? ಅದು ಬರೀ ನಿಖರತೆಯ ವೇಷ. ನಿಂಬೆಗಾತ್ರ ಅಂದಾಗ "ಇಷ್ಟರಿಂದ ಶುರು ಮಾಡು, ಆಮೇಲೆ ರುಚಿ ನೋಡು" ಅನ್ನುವುದು ಒಳಗೇ ಸೇರಿಕೊಂಡಿದೆ.

ಕುಕ್ಕರ್ ಬಂದ ಮೇಲೆ ನಮಗೆ ಇನ್ನೊಂದು ಅಳತೆ ಸಿಕ್ಕಿತು. ಮೂರು ಕೂಗು. ಕುಕ್ಕರ್ ಜೊತೆ ಬರುವ ಕೈಪಿಡಿ ನಿಮಿಷದ ಲೆಕ್ಕ ಹೇಳುತ್ತದೆ. ನಮ್ಮವರು ಕೂಗು ಎಣಿಸುತ್ತಾರೆ. ಸಣ್ಣ ಕುಕ್ಕರ್, ದೊಡ್ಡ ಉರಿ ಆದರೆ ಮೂರು ಕೂಗು ಗಡಿಬಿಡಿಯಲ್ಲಿ ಮುಗಿದುಹೋಗುತ್ತದೆ. ಬೋರ್‌ವೆಲ್ ನೀರಿನ ಊರಾದರೆ ಐದು ಕೂಗಿದರೂ ಬೇಳೆ ಕಾಳುಕಾಳಾಗಿ ಕೂತಿರುತ್ತದೆ, ಸುಣ್ಣದ ಅಂಶ ಜಾಸ್ತಿ ಇರುವ ನೀರಲ್ಲಿ ಬೇಳೆ ಬೇಗ ಬೇಯಲ್ಲ. ಪುಸ್ತಕದಲ್ಲಿ ನೀರಿನ ಊರು ಯಾರು ಬರೆಯುತ್ತಾರೆ?

ಬರೆದವರೂ ಇದ್ದಾರೆ. ಪೂರ್ತಿ ಬಿಡಿಸಿ ಬಿಡಿಸಿ ಬರೆದವರು. 1951ರಲ್ಲಿ ಮದ್ರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ಒಂದು ಅಡಿಗೆ ಪುಸ್ತಕ ತಂದರು, 'ಸಮೈತ್ತುಪ್ಪಾರ್' ಅಂತ. ಮದುವೆಯಾಗಿ ದೂರದೂರಿಗೆ ಹೋಗುವ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಸೀರೆ ಜೊತೆ ಆ ಪುಸ್ತಕವೂ ಹೋಯಿತು. ಗಂಡನಿಗೆ ದೆಹಲಿಯಲ್ಲೋ ಬೊಂಬಾಯಿಯಲ್ಲೋ ನೌಕರಿ, ಎರಡು ಕೋಣೆಯ ಮನೆ, ಅತ್ತೆ ಇಲ್ಲ, ಪಕ್ಕದ ಮನೆಯವರಿಗೆ ನಮ್ಮ ಹುಳಿ ಸಾರು ಗೊತ್ತಿಲ್ಲ. ಆ ಹುಡುಗಿಗೆ ಮೂರು ಸಾಲು ಸಾಲದು. ಅತ್ತೆಯೋ ಅಮ್ಮನೋ ಅಡಿಗೆಮನೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಅಷ್ಟೂ ಮಾತು ಪುಸ್ತಕಕ್ಕೆ ಬರಬೇಕಾಯಿತು. ಅಡಿಗೆ ಬರಹ ಉದ್ದವಾಗಲು ಶುರುವಾಗಿದ್ದು ಹೀಗೆ ಮನೆಗಳು ಚದುರಿದ ಮೇಲೆ ಅಂತ ನನ್ನ ಲೆಕ್ಕ.

ಬರೆಯದೆ ಬಿಟ್ಟದ್ದರಲ್ಲಿ ಇನ್ನೊಂದು ಬಗೆ ಇದೆ. ಅದು ಅಷ್ಟು ಮುಗ್ಧ ಅಲ್ಲ. ಊಟವನ್ನೇ ಬಿಟ್ಟುಬಿಡುವುದು.

16ನೇ ಶತಮಾನದ ಶುರುವಿನಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಇಡೀ ಅಡಿಗೆ ಪುಸ್ತಕ ಷಟ್ಪದಿಯಲ್ಲಿ! ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳು, ಬದನೆ, ಬಾಳೆ, ಹಲಸು ಎಲ್ಲ ಇವೆ. ಅವನು ಜೈನ, ಹಾಗಾಗಿ ಮಾಂಸದ ಮಾತಿಲ್ಲ. ಸರಿ, ಅವನ ಧರ್ಮ ಅದು. ಮೆಣಸಿನಕಾಯಿ, ಆಲೂಗಡ್ಡೆ, ಟೊಮ್ಯಾಟೊ ಇಲ್ಲ, ಅವು ಇನ್ನೂ ನಮ್ಮ ಒಲೆಗೆ ಬಂದಿರಲಿಲ್ಲ. ಸೋಮೇಶ್ವರ ದೊರೆಮಗ, ಅವನ ಪುಸ್ತಕದಲ್ಲಿ ಮೀನು, ಹಂದಿ, ಹೊಲದ ಇಲಿ ಕೂಡ ಬರುತ್ತದೆ. ಇಬ್ಬರೂ ತಮ್ಮ ತಟ್ಟೆಯನ್ನು ಬರೆದರು. ನಾನು ನೋಡಿರುವ ಹಳೇ ಅಚ್ಚಿನ ಅಡಿಗೆ ಪುಸ್ತಕಗಳ ಕಥೆಯೂ ಅದೇ. ಹೋಳಿಗೆ, ಚಿರೋಟಿ, ನಾಲ್ಕಾರು ಬಗೆ ಪಾಯಸ, ಹುಳಿ, ಗೊಜ್ಜು. ಮುದ್ದೆ ಎಲ್ಲಿ? ಉಪ್ಸಾರು, ಬಸ್ಸಾರು, ಮಸ್ಸೊಪ್ಪು ಎಲ್ಲಿ? ಬಾಡೂಟ ಎಲ್ಲಿ? ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ರಾಗಿಯನ್ನು ಭತ್ತದ ಎದುರು ನಿಲ್ಲಿಸಿ ಗೆಲ್ಲಿಸಿದರು. ರಾಗಿಗೆ ಕಾವ್ಯ ಸಿಕ್ಕಿತು. ಅಡಿಗೆ ಪುಸ್ತಕದಲ್ಲಿ ಜಾಗ ಸಿಗಲು ಬಹಳ ಕಾಲ ಬೇಕಾಯಿತು.

ಮುದ್ದೆ ಎಲ್ಲರಿಗೂ ಗೊತ್ತು, ಬರೆಯುವುದೇನು ಅಂತ ಕೇಳಬಹುದು. ಯಾರಿಗೆ ಗೊತ್ತು? ಜೋಳದ ರೊಟ್ಟಿ ತೆಗೆದುಕೊಳ್ಳಿ. ಗೋಧಿಯ ಹಾಗೆ ಜೋಳದ ಹಿಟ್ಟು ತಾನಾಗಿ ಎಳೆ ಹಿಡಿಯುವುದಿಲ್ಲ, ಅದರಲ್ಲಿ ಆ ಅಂಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಹಿಟ್ಟಿಗೆ ಜಿಗಿ ಬರಿಸಬೇಕು. ಬೀಸಿ ಬಹಳ ದಿನ ಆದ ಹಿಟ್ಟಾದರೆ ತಟ್ಟುವಾಗ ಅಂಚು ಒಡೆಯುತ್ತದೆ. ವಿಜಯಪುರ, ಕಲಬುರಗಿ ಕಡೆಯ ಹೆಣ್ಣುಮಕ್ಕಳಿಗೆ ಇದು ಕೈಯಲ್ಲೇ ಇರುವ ವಿದ್ಯೆ. ಅವರ ಮಕ್ಕಳು ಈಗ ಬೆಂಗಳೂರಿನ ಪಿಜಿಯಲ್ಲಿದ್ದಾರೆ. ಊರಿಂದ ಕಟ್ಟಿಸಿಕೊಂಡು ಬಂದ ಖಡಕ್ ರೊಟ್ಟಿ ಮುಗಿದ ಮೇಲೆ ಆ ವಿದ್ಯೆಯನ್ನು ಯಾವ ಪುಟ ತೆರೆದು ಹುಡುಕಬೇಕು ಅವರು?

ಈ ಕಾಲದ ನೋಟ್‌ಬುಕ್ಕು ಫೋನಿನಲ್ಲಿದೆ. ಅದರಲ್ಲಿ ಒಂದು ಹೊಸ ಸಂಗತಿ ಕಾಣುತ್ತೇನೆ. ಅಮೆರಿಕಾದಲ್ಲಿರುವ ನಮ್ಮ ಹುಡುಗಿಯರು ಒಬ್ಬರಿಗೊಬ್ಬರು ಕಳಿಸುವ ದೋಸೆಯ ಲೆಕ್ಕದಲ್ಲಿ ಹೀಗೂ ಒಂದು ಸಾಲು ಇರುತ್ತದೆ: "ಹಿಟ್ಟನ್ನು ಓವನ್ನಿನೊಳಗೆ ಇಟ್ಟು ಬರೀ ಲೈಟ್ ಹಾಕಿಡಿ." ಓವನ್ ಉರಿಸುವುದಲ್ಲ, ಒಳಗಿನ ದೀಪದ ಶಾಖವೇ ಸಾಕು. ಹೊರಗೆ ಹಿಮ ಬೀಳುತ್ತಿದ್ದರೂ ಹಿಟ್ಟು ಉಬ್ಬಿ ಬರುತ್ತದೆ. ಮಂಗಳೂರಿನ ಅಜ್ಜಿಗೆ ಈ ಸಾಲಿನ ಅಗತ್ಯವೇ ಇರಲಿಲ್ಲ. ಬೆಂಗಳೂರಿನ ಅಮ್ಮ ಡಿಸೆಂಬರ್‌ನಲ್ಲಿ ಪಾತ್ರೆಗೆ ಹಳೇ ಕಂಬಳಿ ಸುತ್ತುತ್ತಿದ್ದರು, ಅವರೂ ಬರೆದಿಡಲಿಲ್ಲ. ಸಾವಿರ ವರ್ಷದ ಹಿಂದೆ ಚಾವುಂಡರಾಯ ಹೇಳದೆ ಬಿಟ್ಟ ಹುದುಗಿನ ಸಂಗತಿ ಈಗ ಲೈಟಿನ ಸಮೇತ ಬರವಣಿಗೆಗೆ ಬಂದಿದೆ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಅವರ ಅಡಿಗೆ ಬರೆದಿಡಬೇಕು ಅಂತಿದ್ದರೆ, "ಎಷ್ಟು ಹಾಕಬೇಕು?" ಅಂತ ಮಾತ್ರ ಕೇಳಬೇಡಿ. ನಾನು ದೊಡ್ಡಮ್ಮನನ್ನು ಹಾಗೆ ಕೇಳಿದಾಗ "ಎಷ್ಟು ಬೇಕೋ ಅಷ್ಟು ಮಾರಾಯ್ತಿ" ಅಂದರು. ಅಲ್ಲಿಗೆ ಮಾತು ಮುಗಿಯಿತು. "ಇದು ಕೆಡುವುದು ಹೇಗೆ ದೊಡ್ಡಮ್ಮ?" ಅಂತ ಕೇಳಿದೆ ನೋಡಿ, ಅರ್ಧ ಗಂಟೆ ನಿಲ್ಲಿಸಲೇ ಇಲ್ಲ. ಉಪ್ಪುನೀರು ಬಿಸಿ ಇದ್ದಾಗಲೇ ಸುರಿದರೆ ಮಿಡಿ ಮೆತ್ತಗಾಗುತ್ತದೆ. ಉಪ್ಪು ಕಡಿಮೆ ಆದರೆ ಮೇಲೆ ಬೂಸು ಕಟ್ಟುತ್ತದೆ. ಒದ್ದೆ ಸೌಟು ಹಾಕುವವರನ್ನು ಜಾಡಿ ಹತ್ತಿರ ಬಿಡಲೇಬಾರದು. ಯಾವ ಸೊಸೆ ಯಾವ ವರ್ಷ ಒದ್ದೆ ಸೌಟು ಹಾಕಿದ್ದಳು ಅನ್ನುವುದೂ ಬಂತು. ಅದನ್ನು ಇಲ್ಲಿ ಹೇಳುವ ಹಾಗಿಲ್ಲ.

ಅವರು ಮಾಡುವಾಗ ಪಕ್ಕದಲ್ಲಿ ನಿಂತಿರಿ. ಅವರ ಹಿಡಿಯಿಂದ ಪಾತ್ರೆಗೆ ಬೀಳುವ ಮೊದಲು ಉಪ್ಪನ್ನು ಒಂದು ತಟ್ಟೆಯಲ್ಲಿ ಹಿಡಿದು ತೂಗಿ. ಬೈಸಿಕೊಳ್ಳಲು ತಯಾರಿರಿ. ಮಾಡಿದ ಊರು, ನೀರು, ತಿಂಗಳು ಕೂಡ ಒಂದು ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ. ಮಿಡಿಯ ಕಾಲಕ್ಕೆ ಮುಂಚೆ ಈ ಕೆಲಸ ಶುರು ಮಾಡಿದರೆ ಒಳ್ಳೆಯದು. ಮಾವು ಬಲಿತ ಮೇಲೆ ದೊಡ್ಡಮ್ಮಂದಿರು ಹಲಸಿನ ಹಪ್ಪಳಕ್ಕೆ ಕೂತುಬಿಡುತ್ತಾರೆ, ಆಗ ಮಾತಿಗೆ ಸಿಗುವುದಿಲ್ಲ.

ನಮಸ್ಕಾರ.