ಪಾಸ್‌ಬುಕ್ ಊರಿಗೆಲ್ಲ ಯಾಕೆ ತೋರಿಸಬೇಕು?

ನಮಸ್ಕಾರ, ಚಿಕ್ಕಮಗಳೂರಿನಿಂದ. ಹೊರಗೆ ಮಳೆ ಹಿಡಿದಿದೆ. ನಡುವೆ ಹೆಂಚಿನ ಸದ್ದು ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಕಾಫಿ ಮಾರಿದವರಿಗೆ ಒಂದು ಕಷ್ಟ ಗೊತ್ತು. ಚೀಲ ಗಾಡಿ ಹತ್ತಿದ ಮೂರನೇ ದಿನಕ್ಕೆ ಊರಿಗೆಲ್ಲ ಲೆಕ್ಕ ಗೊತ್ತಿರುತ್ತದೆ. ಎಷ್ಟು ಚೀಲ, ಯಾವ ರೇಟು, ಎಲ್ಲಾ. ಆಮೇಲೆ ಕೈಸಾಲ ಕೇಳುವವರು ಬರುತ್ತಾರೆ. ಜಾತ್ರೆ ಚಂದಾದವರು ಬರುತ್ತಾರೆ, ರಸೀದಿಯಲ್ಲಿ ಮೊತ್ತವನ್ನೂ ಅವರೇ ಬರೆದುಕೊಂಡು!

ಬಿಟ್‌ಕಾಯಿನ್‌ನಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿನ ಲೆಕ್ಕದ ಪುಸ್ತಕ ಪ್ರಪಂಚಕ್ಕೇ ತೆರೆದಿದೆ. ಹೆಸರು ಇರಲ್ಲ, ನಿಜ. ಆದರೆ ಒಂದು ಅಡ್ರೆಸ್, ಅಂದರೆ ಖಾತೆ ನಂಬರಿನಂಥದ್ದು, ನಿಮ್ಮದು ಅಂತ ಗೊತ್ತಾದರೆ ಸಾಕು, ಅದರ ಲೆಕ್ಕವೆಲ್ಲ ಕಾಣುತ್ತದೆ. ಮೂಡಿಗೆರೆ ಕಡೆ ಹೋಮ್‌ಸ್ಟೇ ಇಟ್ಟಿರುವ ನನ್ನ ಗೆಳೆಯ ಒಬ್ಬ ವಿದೇಶಿ ಅತಿಥಿಯಿಂದ ಬಿಟ್‌ಕಾಯಿನ್‌ನಲ್ಲಿ ಅಡ್ವಾನ್ಸ್ ತಗೊಂಡ. ಇವನದು ಎಲ್ಲದಕ್ಕೂ ಒಂದೇ ಅಡ್ರೆಸ್. ಆತ ಬುಕಿಂಗ್ ಕ್ಯಾನ್ಸಲ್ ಮಾಡಿದಾಗ ಇವನು ಸ್ವಲ್ಪ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಟ್ಟ. ಆತ ಕೇಳಿದ್ದೇನು ಗೊತ್ತಾ? ‘ನಿಮ್ಮ ಹತ್ತಿರ ಇಷ್ಟೊಂದು ಇದೆಯಲ್ಲ, ನನ್ನದನ್ನು ಯಾಕೆ ಹಿಡಿದುಕೊಳ್ಳುತ್ತೀರಿ?’ ಬ್ಯಾಲೆನ್ಸನ್ನು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದ್ದ!

ಇದಕ್ಕೆ ಮದ್ದು ಹೊಸದೇನಲ್ಲ. 2013ರಲ್ಲೇ ಬಿಟ್‌ಕಾಯಿನ್ ತಂತ್ರಾಂಶ ಬರೆಯುವ ಗ್ರೆಗರಿ ಮ್ಯಾಕ್ಸ್‌ವೆಲ್ ಕಾಯಿನ್‌ಜಾಯಿನ್ ಅಂತ ಒಂದು ದಾರಿ ಹೇಳಿದ್ದರು. ಹಲವರು ಸೇರಿ ಒಂದೇ ವ್ಯವಹಾರ ಮಾಡುವುದು. ಹಿಂದೆ ಕಾಫಿ ಬೋರ್ಡ್ ಪೂಲ್ ಇತ್ತಲ್ಲ, ಹಾಗೆ. ಎಲ್ಲರದೂ ಒಂದೇ ರಾಶಿಗೆ ಹೋದ ಮೇಲೆ ಯಾವ ಬೀಜ ಯಾರ ತೋಟದ್ದು ಅಂತ ಹೇಗೆ ಹೇಳುತ್ತೀರಿ? ಒಂದು ವ್ಯತ್ಯಾಸ ಇದೆ. ಇಲ್ಲಿ ನಿಮ್ಮ ಹಣ ಯಾರ ಕೈಗೂ ಕೊಡಬೇಕಾಗಿಲ್ಲ. ಪಾಲುಪತ್ರಕ್ಕೆ ಅಣ್ಣತಮ್ಮಂದಿರೆಲ್ಲ ಸಹಿ ಹಾಕಬೇಕಲ್ವಾ? ಇದೂ ಹಾಗೇ, ಒಬ್ಬ ಹಾಕದಿದ್ದರೂ ವ್ಯವಹಾರ ನಡೆಯಲ್ಲ.

ತೊಂದರೆ ಏನಂದರೆ, ಯಾರದು ಯಾವುದು ಅಂತ ತಿಳಿಯದಿರಲು ಹಣವನ್ನು ಒಂದೇ ಮೊತ್ತದ ತುಂಡುಗಳಾಗಿ ವಾಪಸ್ ಕೊಡುತ್ತಾರೆ. ಅಂಥವು ಸಾಲಾಗಿ ಹೊರಬಂದರೆ ದೂರದಿಂದಲೇ ಗೊತ್ತಾಗುತ್ತದೆ, ಇದು ಕಾಯಿನ್‌ಜಾಯಿನ್ ಅಂತ. ಜನರನ್ನು ಒಟ್ಟು ಸೇರಿಸಲು ಸಾಮಾನ್ಯವಾಗಿ ನಡುವೆ ಒಬ್ಬರು ಬೇರೆ ಬೇಕು. ವಾಲೆಟ್ ಅಂದರೆ ಬಿಟ್‌ಕಾಯಿನ್ ಇಟ್ಟುಕೊಳ್ಳುವ ಆ್ಯಪ್. ಹೀಗೆ ಜನರನ್ನು ಸೇರಿಸಿಕೊಡುತ್ತಿದ್ದ ಸಮುರಾಯ್ ವಾಲೆಟ್ ಕಟ್ಟಿದ ಇಬ್ಬರ ಬಂಧನ 2024ರ ಏಪ್ರಿಲ್‌ನಲ್ಲಿ ಆಯಿತು, ಮರುವರ್ಷ ಅಮೆರಿಕದ ಕೋರ್ಟು ಜೈಲು ಶಿಕ್ಷೆ ಕೊಟ್ಟಿತು. 2024ರ ಜೂನ್‌ನಲ್ಲಿ ವಾಸಾಬಿ ವಾಲೆಟ್‌ನ ಕಂಪನಿ ತನ್ನ ಕಾಯಿನ್‌ಜಾಯಿನ್ ಸೇವೆಯನ್ನೇ ನಿಲ್ಲಿಸಿತು.

ನನಗೆ ಜಾಸ್ತಿ ಹಿಡಿಸಿರುವುದು ಪೇಜಾಯಿನ್. ಇಲ್ಲಿ ಇಬ್ಬರೇ ಸಾಕು, ಕೊಡುವವನು ಮತ್ತು ತಗೊಳ್ಳುವವನು. ಅತಿಥಿಯ ಹತ್ತಿರ 10 ಇದೆ ಅಂದುಕೊಳ್ಳಿ. ಗೆಳೆಯನಿಗೆ ಕೊಡಬೇಕಾದದ್ದು 2. ಗೆಳೆಯ ಸುಮ್ನೆ ಕೈಚಾಚಿ ಕೂರುವ ಬದಲು ತನ್ನ 3ನ್ನೂ ಅದೇ ವ್ಯವಹಾರಕ್ಕೆ ಹಾಕುತ್ತಾನೆ. ಒಳಗೆ ಹೋಗಿದ್ದು 10 ಮತ್ತು 3. ಹೊರಗೆ ಬಂದದ್ದು ಗೆಳೆಯನಿಗೆ 5, ಅತಿಥಿಗೆ 8. ಶುಲ್ಕ ಬಿಟ್ಟು ಹೇಳುತ್ತಿದ್ದೇನೆ. ಈಗ ಹೊರಗೆ ನಿಂತು ಇಣುಕುವವನು 5 ಕೊಟ್ಟರೋ 8 ಕೊಟ್ಟರೋ ಅಂತ ತಲೆ ಕೆರೆದುಕೊಳ್ಳಬೇಕು. 2 ಅನ್ನುವ ಅಂಕಿ ಎಲ್ಲೂ ಇಲ್ಲ!

ಜಾಡು ಹಿಡಿಯುವವರು ನೆಚ್ಚಿಕೊಂಡಿರುವುದು ಒಂದು ಊಹೆಯನ್ನು. ಒಂದು ವ್ಯವಹಾರದ ಒಳಗೆ ಹೋದ ಹಣವೆಲ್ಲ ಒಬ್ಬನದೇ ಅಂತ. 2008ರ ಬಿಟ್‌ಕಾಯಿನ್ ಪ್ರಬಂಧದಲ್ಲೇ ಈ ಮಾತಿದೆ. ಪೇಜಾಯಿನ್ ನೋಡಲು ಮಾಮೂಲಿ ವ್ಯವಹಾರದ ಹಾಗೇ ಇರುತ್ತದೆ. ನೂರರಲ್ಲಿ ಹತ್ತು ಜನ ಇದನ್ನು ಬಳಸಿದರೂ ಸಾಕು, ಉಳಿದ ತೊಂಬತ್ತರ ಮೇಲೂ ಆ ಊಹೆ ಗಟ್ಟಿ ನಿಲ್ಲಲ್ಲ. ನಾನು ಇದರ ಪರ ಮಾತಾಡುತ್ತಿರುವುದು ಅದಕ್ಕೇ.

‘ಕಳ್ಳರಿಗೆ ಅನುಕೂಲ ಅಲ್ವಾ?’ ಅನ್ನುತ್ತೀರಿ. ಕಳ್ಳರೂ ಬಳಸುತ್ತಾರೆ, ಇಲ್ಲ ಅನ್ನಲ್ಲ. ಆದರೆ ಬಚ್ಚಲಿಗೆ ಬಾಗಿಲು ಇಟ್ಟವರೆಲ್ಲ ಕಳ್ಳರಾ? ಊರಿನ ಕಣ್ಣಿಂದ ಮರೆ ಮಾಡುವುದು ಬೇರೆ, ತೆರಿಗೆ ತಪ್ಪಿಸುವುದು ಬೇರೆ. ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಜುಲೈನಿಂದ 1% ಟಿಡಿಎಸ್. 2023ರ ಮಾರ್ಚ್‌ನಿಂದ ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಕೆಳಗೂ ಬಂದಿವೆ. ಪೇಜಾಯಿನ್ ಮಾಡಿದ ಮಾತ್ರಕ್ಕೆ ಇದ್ಯಾವುದರಿಂದಲೂ ತಪ್ಪಿಸಿಕೊಳ್ಳಲು ಆಗಲ್ಲ. ನಿಮ್ಮ ಲೆಕ್ಕ ಆಡಿಟರ್ ಮುಂದೆ ಪೂರ್ತಿ ಇರಲಿ, ಅತಿಥಿ ಮುಂದೆ ಬೇಡ.

ಮೊದಲು ಪೇಜಾಯಿನ್‌ಗೆ ತಗೊಳ್ಳುವವನು ಸರ್ವರ್ ನಡೆಸಬೇಕಿತ್ತು, ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕಿತ್ತು. ಮಳೆಗಾಲದಲ್ಲಿ ಮೂಡಿಗೆರೆಯ ಕರೆಂಟು ನಂಬಿಕೊಂಡು ಅದೆಲ್ಲ ಆಗುವ ಮಾತಾ? ಹೊಸ ಆವೃತ್ತಿಯಲ್ಲಿ ಆ ಗೋಳಿಲ್ಲ. ಬುಲ್ ಬಿಟ್‌ಕಾಯಿನ್, ಕೇಕ್ ವಾಲೆಟ್‌ನಂಥ ಮೊಬೈಲ್ ಆ್ಯಪ್‌ಗಳಿಗೇ ಬಂದಿದೆ.

ಗೆಳೆಯನೂ ವಾಲೆಟ್ ಬದಲಿಸಿದ. ಮೊನ್ನೆ ಬಂದ ಅತಿಥಿಗೆ ಹುರುಪಿನಿಂದ ಕ್ಯೂಆರ್ ತೋರಿಸಿದ. ಅವರ ವಾಲೆಟ್‌ಗೆ ಪೇಜಾಯಿನ್ ಬರುವುದೇ ಇಲ್ಲ! ಹಣ ಹಳೇ ದಾರಿಯಲ್ಲೇ ಬಂತು. ಅವರು ಹೊರಡುವಾಗ ಇವನು ಅರ್ಧ ಕೆಜಿ ಕಾಫಿಪುಡಿ ಕೊಟ್ಟು, ಪೊಟ್ಟಣದ ಮೇಲೆ ವಾಲೆಟ್ ಹೆಸರು ಬರೆದು ಕಳಿಸಿದ್ದಾನೆ.