ತಲೆ, ಮುಖ, ಕತ್ತಿನ ಗಂಟುಗಳು: ತೆಗೆಯುವ ಮುಂಚೆ, ತೆಗೆದ ಮೇಲೆ

ಕೇಳುಗರಿಗೆ ನಮಸ್ಕಾರ.

ತಲೆ, ಮುಖ, ಕತ್ತಿನ ಚರ್ಮದಲ್ಲಿ ಏಳುವ ಗಂಟು, ಮಚ್ಚೆ, ನರೂಲಿಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂಬೈಯಲ್ಲಿ ನನ್ನ ಬಳಿ ಬರುವ ಕನ್ನಡದವರಲ್ಲಿ ಎಷ್ಟೋ ಜನ ಆ ಭಯಕ್ಕೇ ವರ್ಷಗಟ್ಟಲೆ ಯಾರಿಗೂ ತೋರಿಸದೆ ಕೂತಿರುತ್ತಾರೆ. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುವ ಅಕ್ಕಂದಿರು, ಧಾರಾವಿಯಲ್ಲಿ ನೆಲೆಸಿದ ಕಲಬುರಗಿ ಕಡೆಯವರು, ಎಲ್ಲರ ಬಾಯಲ್ಲೂ ಅದೇ ಮಾತು: "ಡಾಕ್ಟ್ರೇ, ನೋವಿರಲಿಲ್ಲ, ಅದಕ್ಕೇ ಸುಮ್ನೆ ಬಿಟ್ಟೆ."

ನೋವಿಲ್ಲದ, ಬೆಳೆಯದ, ಡಾಕ್ಟರು ನೋಡಿ ಪರವಾಗಿಲ್ಲ ಎಂದ ಗಂಟನ್ನು ಹಾಗೇ ಬಿಡಬಹುದು. ಆದರೆ ಒಮ್ಮೆ ತೋರಿಸುವುದು ಮಾತ್ರ ಆಗಲೇಬೇಕು. ಕನ್ನಡಿ ನೋಡಿದಾಗಲೆಲ್ಲ ಬೇಸರ ಆಗುತ್ತದೆ, ತೆಗೆಸಿಬಿಡೋಣ ಅನ್ನಿಸಿದರೆ ಅದಕ್ಕೂ ನಾಚಿಕೆ ಬೇಡ. ಮುಖ ನಮ್ಮದು, ಅಲ್ವಾ?

ಕತ್ತಿನ ಸುತ್ತ ಜೋಲುವ ಚಿಕ್ಕ ಚಿಕ್ಕ ಚರ್ಮದ ತುಣುಕುಗಳನ್ನು ನೀವು ನೋಡಿರುತ್ತೀರಿ. ಕರಿಮಣಿ ಸರಕ್ಕೆ ಸಿಕ್ಕಿ ಕಿರಿಕಿರಿ ಮಾಡುತ್ತವೆ. ತೆಗೆಯುವುದು ಸುಲಭ. ಆದರೆ ಅವು ತುಂಬಾ ಇದ್ದರೆ ಜೊತೆಗೆ ಶುಗರ್ ಕೂಡ ಪರೀಕ್ಷೆ ಮಾಡಿಸಿ, ಎರಡಕ್ಕೂ ನಂಟಿದೆ. ಕತ್ತಿನ ಹಿಂದೆ ಮೆತ್ತಗೆ, ಬೆರಳಿಟ್ಟರೆ ಜಾರುವ ಗಂಟು ಸಾಮಾನ್ಯವಾಗಿ ಕೊಬ್ಬಿನ ಗಂಟು, ಅಂದರೆ ಲೈಪೋಮಾ.

ಜಾಸ್ತಿ ತೊಂದರೆ ಕೊಡುವುದು ಸಿಸ್ಟ್. ಚರ್ಮದ ಕೆಳಗೆ ಒಂದು ತೆಳ್ಳನೆಯ ಚೀಲ, ಅದರೊಳಗೆ ಉದುರಿದ ಚರ್ಮದ ಬಿಳಿ ಮುದ್ದೆ. ಮುಖದ ಮೇಲಿನದಾದರೆ ಹಲವು ಸಲ ನಡುವೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಜನ ಅಲ್ಲೇ ಹಿಂಡುತ್ತಾರೆ. ನಾತದ ಬಿಳಿ ವಸ್ತು ಹೊರಗೆ ಬರುತ್ತದೆ, ಗಂಟು ಇಳಿದಂತೆ ಕಾಣುತ್ತದೆ. ಚೀಲ ಒಳಗೇ ಉಳಿದಿರುವುದರಿಂದ ಕೆಲವು ತಿಂಗಳಲ್ಲಿ ಮತ್ತೆ ತುಂಬುತ್ತದೆ. ಹಿಂಡುವಾಗ ಚೀಲ ಒಳಗೇ ಒಡೆದರಂತೂ ಕೆಂಪಾಗಿ, ಬಾತು, ಕೀವಾಗುತ್ತದೆ. ಆಗ ಕೀವು ತೆಗೆದು, ಬಾವು ಪೂರ್ತಿ ಇಳಿಯಲು ಕೆಲವು ವಾರ ಕಾದು, ಆಮೇಲೆ ಆಪರೇಷನ್ ಮಾಡಬೇಕು. ಹಿಂಡದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿದ್ದ ಕೆಲಸ ಅದು.

ಆಪರೇಷನ್ ಹೇಗಿರುತ್ತದೆ ಅಂತ ಹೇಳುತ್ತೇನೆ. ತಲೆಯ ಮೇಲಿನ ಸಿಸ್ಟ್ ಎಂದಿಟ್ಟುಕೊಳ್ಳಿ. ಪ್ರಜ್ಞೆ ತಪ್ಪಿಸುವುದಿಲ್ಲ, ನೀವು ಎಚ್ಚರವಾಗಿಯೇ ಇರುತ್ತೀರಿ. ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ಆ ಜಾಗ ಮರಗಟ್ಟಿಸುತ್ತೇವೆ. ಚುಚ್ಚುವಾಗ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಅದರಲ್ಲಿ ಅಡ್ರಿನಲಿನ್ ಬೆರೆಸಿರುತ್ತೇವೆ. ತಲೆಯ ಚರ್ಮದ ರಕ್ತನಾಳಗಳು ಬೇಗ ಮುದುಡುವುದಿಲ್ಲ, ರಕ್ತ ಜಾಸ್ತಿ ಬರುತ್ತದೆ. ಅಡ್ರಿನಲಿನ್ ಅದನ್ನು ತಗ್ಗಿಸುತ್ತದೆ. ಕೆಲವು ನಿಮಿಷ ಕಾದು, ಚರ್ಮ ಸೀಳಿ, ಚೀಲ ಒಡೆಯದ ಹಾಗೆ ಸುತ್ತಲೂ ಬಿಡಿಸುತ್ತಾ ಹೋಗುತ್ತೇವೆ. ಸರಿಯಾಗಿ ಬಿಡಿಸಿದರೆ ಅದು ತೊಳೆಯಿಂದ ಹಲಸಿನ ಬೀಜ ಹೊರಬಂದಂತೆ ಬಿಳಿಯಾಗಿ, ನುಣ್ಣಗೆ, ಇಡಿಯಾಗಿ ಬರುತ್ತದೆ. ಇಡಿಯಾಗಿ ಬಂದರೆ ಅದೇ ಜಾಗದಲ್ಲಿ ಮತ್ತೆ ಬರುವುದು ತೀರಾ ಕಡಿಮೆ.

ಮುಖದ ಮೇಲೆ ಇನ್ನೊಂದು ಲೆಕ್ಕ ಇದೆ. 1 ಸೆಂಟಿಮೀಟರ್ ಮಚ್ಚೆಗೆ 3 ಸೆಂಟಿಮೀಟರ್ ಗೆರೆ ಯಾಕೆ ಬಂತು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದುಂಡಗೆ ಕತ್ತರಿಸಿ ಹೊಲಿದರೆ ಎರಡು ತುದಿಯಲ್ಲೂ ಚರ್ಮ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಕಣ್ಣಿನ ಆಕಾರದಲ್ಲಿ, ಅಗಲದ ಸುಮಾರು 3 ಪಟ್ಟು ಉದ್ದಕ್ಕೆ ಕತ್ತರಿಸುತ್ತೇವೆ. ಆ ಗೆರೆ ಸುಕ್ಕಿನ ದಿಕ್ಕಿನಲ್ಲೇ ಇದ್ದರೆ ವರ್ಷ ಕಳೆದ ಮೇಲೆ ಹುಡುಕಿದರೂ ಸುಲಭವಾಗಿ ಕಾಣುವುದಿಲ್ಲ.

ಮೂಗಿನ ಮೇಲೆ ದೊಡ್ಡದನ್ನು ತೆಗೆದರೆ ಎಳೆದು ಹೊಲಿಯಲು ಚರ್ಮವೇ ಇರುವುದಿಲ್ಲ. ಆಗ ಹಣೆಯ ಚರ್ಮವನ್ನು ತಿರುಗಿಸಿ ತರುವ ಪದ್ಧತಿ ಈಗಲೂ ಇದೆ. ಇದರ ಕಥೆ ನಮ್ಮ ಪಕ್ಕದ ಪುಣೆಯದು. 1792ರ ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕವಾಸ್‌ಜಿ ಎಂಬ ಎತ್ತು ಹೊಡೆಯುವವನಿಗೆ, ಪುಣೆ ಬಳಿಯ ಇಟ್ಟಿಗೆ ಮಾಡುವ ಜಾತಿಯ ಒಬ್ಬರು ಹೊಸ ಮೂಗು ಕಟ್ಟಿಕೊಟ್ಟರು. ಮೇಣದ ಅಚ್ಚನ್ನು ಹಣೆಯ ಮೇಲೆ ಹರಡಿ, ಅಳತೆಗೆ ಗೆರೆ ಎಳೆದು, ಚರ್ಮ ಬಿಡಿಸಿ ಕೆಳಗೆ ತಿರುಗಿಸಿದ್ದರು. 1794ರಲ್ಲಿ ಇದು ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 20 ವರ್ಷದ ನಂತರ ಅಲ್ಲಿನ ಸರ್ಜನ್ ಒಬ್ಬರು ಅದನ್ನೇ ಮಾಡಿ ನೋಡಿದರು. ಆ ಕುಶಲಿಯ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಮನೆಮದ್ದಿನ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಸುಣ್ಣ ಮತ್ತು ಸೋಡಾ ಕಲಸಿ ಮಚ್ಚೆಗೆ ಹಚ್ಚಬೇಡಿ. ಚರ್ಮ ಸುಟ್ಟು ಗುಳಿ ಬೀಳುತ್ತದೆ. ಕುದುರೆ ಬಾಲದ ಕೂದಲು ಬಿಗಿದು ಕಟ್ಟುವುದು ಬೇಡ. ಪಾರ್ಲರಿನಲ್ಲಿ ಸುಡಿಸಿಕೊಳ್ಳುವುದೂ ಬೇಡ, ಯಾಕೆಂದರೆ ಸುಟ್ಟದ್ದನ್ನು ಪರೀಕ್ಷೆ ಮಾಡಲಾಗದು. ಕಿವಿ ಚುಚ್ಚಿದ ಜಾಗದಲ್ಲಿ ಉಬ್ಬಿದ ಕೆಲಾಯ್ಡ್, ಅಂದರೆ ಮಿತಿಮೀರಿ ಬೆಳೆದ ಗಾಯದ ಕಲೆ ಇದ್ದರೆ ಬರೀ ಕತ್ತರಿಸಲು ಒಪ್ಪಬೇಡಿ. ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್‌ನಂಥ ಚಿಕಿತ್ಸೆ ಇಲ್ಲದಿದ್ದರೆ ಅದು ಮೊದಲಿಗಿಂತ ದೊಡ್ಡದಾಗಿ ಬೆಳೆಯಬಹುದು.

ಚರ್ಮದ ಗಂಟಿನ ಹಾಗೆ ಕಂಡು, ಚರ್ಮದ್ದೇ ಅಲ್ಲದವೂ ಇವೆ. ಕಿವಿಯ ಮುಂದೆ ಅಥವಾ ಕೆಳಗೆ ಇರುವ ಗಂಟು ಜೊಲ್ಲಿನ ಗ್ರಂಥಿಯದ್ದಿರಬಹುದು. ಮುಖದ ಸ್ನಾಯುಗಳನ್ನು ಆಡಿಸುವ ನರ ಅದರೊಳಗೇ ಹಾದುಹೋಗುತ್ತದೆ. ನರಕ್ಕೆ ಏಟು ಬಿದ್ದರೆ ಕಣ್ಣು ಮುಚ್ಚುವುದು, ನಗುವುದು ಎರಡೂ ಕಷ್ಟ. ಮಗುವಿನ ಮೂಗಿನ ಬುಡದಲ್ಲಿ, ನಟ್ಟನಡುವೆ ಹುಟ್ಟಿನಿಂದ ಗಂಟಿದ್ದರೆ ಸ್ಕ್ಯಾನ್ ಮಾಡದೆ ಕೈ ಹಾಕಲೇಬಾರದು. ಅದರ ಬೇರು ತಲೆಬುರುಡೆಯ ಒಳಗೆ ಇಳಿದಿರಬಹುದು. ಬೇಗ ಬೆಳೆಯುವ, ಬಣ್ಣ ಬದಲಿಸುವ, ಮುಟ್ಟಿದರೆ ರಕ್ತ ಬರುವ, ವಾರಗಟ್ಟಲೆ ಮಾಯದ ಹುಣ್ಣಾಗುವ ಯಾವುದನ್ನೂ ಮುಂದೂಡಬೇಡಿ.

ಹೊಲಿಗೆ ಮುಖದ್ದಾದರೆ ಸುಮಾರು 5 ದಿನಕ್ಕೆ, ತಲೆಯದ್ದಾದರೆ 7ರಿಂದ 10 ದಿನಕ್ಕೆ ಬಿಚ್ಚುತ್ತೇವೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಗಾಯ ಮಾಗುವಾಗ ಬಿಸಿಲು ತಾಗಿಸಬೇಡಿ, ಕಲೆ ಕಪ್ಪಾಗುತ್ತದೆ.

ನಾನು ಇವತ್ತು ಮುಖ್ಯವಾಗಿ ಕೇಳಿಕೊಳ್ಳುವುದು ಒಂದನ್ನು. ತೆಗೆದ ಗಂಟು ಕಸದ ಬುಟ್ಟಿಗೆ ಹೋಗಬಾರದು. ಎಷ್ಟೇ ಅನುಭವ ಇದ್ದರೂ ಕಣ್ಣು ಮೋಸ ಹೋಗುತ್ತದೆ. ಮಚ್ಚೆಯಂತೆ ಕಾಣುವ ಕ್ಯಾನ್ಸರ್‌ಗಳಿವೆ. ತೆಗೆದ ಗಂಟನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಖಚಿತ. ಖಾಸಗಿ ಆಸ್ಪತ್ರೆಯ ಖರ್ಚು ಭಾರವಾದರೆ ಪರೇಲಿನ ಕೆಇಎಂ, ಸಯನ್, ನಾಯರ್, ಜೆಜೆ ಆಸ್ಪತ್ರೆಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಆಪರೇಷನ್ ಎಲ್ಲೇ ಆಗಲಿ, ಹೊಲಿಗೆ ಬಿಚ್ಚಿಸಲು ಹೋದ ದಿನ "ಬಯಾಪ್ಸಿ ರಿಪೋರ್ಟ್ ಬಂತಾ ಡಾಕ್ಟ್ರೇ?" ಅಂತ ಬಾಯಿಬಿಟ್ಟು ಕೇಳಿ. ಬಂದಿರದಿದ್ದರೆ ಯಾವತ್ತು ಬರಬೇಕೆಂದು ಕೇಳಿ ಮತ್ತೆ ಹೋಗಿ. ಬಂದಿದ್ದರೆ ಅದರಲ್ಲಿ ಏನು ಬರೆದಿದೆ ಎಂದು ಓದಿಸಿ, ಒಂದು ಪ್ರತಿ ಮನೆಗೆ ತನ್ನಿ.

ನಮಸ್ಕಾರ.